ಹೋಬರ್ಟ್ ಸ್ಟ್ಯಾಂಪರನ ಸಮ್ಮತಿ

"ಸುಳ್ಳು ಹೇಳೋಕೆ ಇಷ್ಟು ದೂರ ಬಂದ್ಯೇನಮ್ಮ? ನಿಮ್ಮ ಮನೆಯಿಂದ ಆಗಲೇ ಪತ್ರ ಬಂದಿದೆ!"

ವೇದಿಕೆಯ ಮೇಲಿನ ಅಧಿಕಾರಿ ಮೈಕಿನ ಮುಂದೆ ನಿಂತಿದ್ದ ವರ್ಲಿ ಸ್ಟ್ಯಾಂಪರಳನ್ನು ಗದರಿದ. ಕೆಂಟಕಿಯ ಕಲ್ಲಿದ್ದಲ ಕಣಿವೆಯಿಂದ ಮೂರು ಬಸ್ಸು ಬದಲಿಸಿ ಸರ್ಕಾರದ ಈ ಅಹವಾಲು ಸಭೆಗೆ ಬಂದಿದ್ದಳು. ಕೇಳಿದ್ದು ಒಂದೇ ಮಾತು. ಇಂಟರ್ನೆಟ್ ಕಂಪನಿ ತನ್ನ ಸಿನಿಮಾ, ತನ್ನ ಆಟಗಳನ್ನು ಕುದುರೆಯಂತೆ ಓಡಿಸಿ, ತನಗೆ ಕಪ್ಪ ಕೊಡದ ದೂರದ ಧರ್ಮಾಸ್ಪತ್ರೆಯ ಡಾಕ್ಟರ ವಿಡಿಯೋ ಕರೆಯನ್ನು ಮಾತ್ರ ಕುಂಟಿಸುತ್ತಿದೆ; ಸರ್ಕಾರ ಅದಕ್ಕೆ ಮೂಗುದಾರ ಹಾಕಬೇಕು. ಕಣಿವೆಯ ಆಸ್ಪತ್ರೆ ಮುಚ್ಚಿದ ಮೇಲೆ, ಗಣಿಧೂಳು ತುಂಬಿದ ಮಗ ಕ್ಲೆಲ್‌ನ ಎದೆಯನ್ನು ನೋಡಲು ಉಳಿದವರು ಪರದೆಯ ಮೇಲಿನ ಆ ಡಾಕ್ಟರೊಬ್ಬರೇ. ಪ್ರತಿ ಮಂಗಳವಾರ ಮೂರು ಗಂಟೆಗೆ. ಇವತ್ತೂ ಮಂಗಳವಾರ.

ಅಧಿಕಾರಿ ಕಾಗದ ಎತ್ತಿ ಓದಿದ. "'ಕಂಪನಿಗೆ ಯಾವ ಕಟ್ಟುಪಾಡೂ ಬೇಡ, ಸೇವೆ ಬಹಳ ಚೆನ್ನಾಗಿದೆ.' ಹೋಬರ್ಟ್ ಸ್ಟ್ಯಾಂಪರ್, ಮಾರ್ಚ್ ಹನ್ನೊಂದು. ನಿನ್ನ ಗಂಡ ತಾನೆ? ಮೊದಲು ಮನೇಲಿ ಒಂದು ಮಾತಿಗೆ ಬನ್ನಿ."

ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ ಕಂಪನಿಯವನೂ ನಕ್ಕ.

ಹೋಬರ್ಟ್ ಸತ್ತದ್ದು ಜನವರಿಯಲ್ಲಿ. ಅವನು ಉಸಿರಿಗಾಗಿ ಒದ್ದಾಡುವಾಗ ಪರದೆಯಲ್ಲಿ ಡಾಕ್ಟರ ಬಾಯಿ ತೆರೆದದ್ದು ತೆರೆದಂತೆಯೇ ನಿಂತುಬಿಟ್ಟಿತ್ತು. ಅಯ್ಯೋ, ಅಂಥವನ ಬಾಯಲ್ಲಿ ಹೊಗಳಿಕೆಯೇ! ಕಂಪನಿಯ ಬೇವರ್ಸಿಗಳು ಹೆಣವನ್ನೂ ಬಿಡಲಿಲ್ಲವಲ್ಲ.

ಆದರೆ ಮನೆಯ ಇಂಟರ್ನೆಟ್ ಲೈನು ಇನ್ನೂ ಅವನ ಹೆಸರಿನಲ್ಲೇ ಇತ್ತು. ಕಂಪನಿ ಕಣಿವೆಗೆ ಹೊಸ ಲೈನು ಕೊಡುವುದನ್ನು ನಿಲ್ಲಿಸಿ ಎರಡು ವರ್ಷವಾಗಿತ್ತು. ಅದಕ್ಕೇ ಅಲ್ಲಿ ಯಾರೂ ಸತ್ತವರ ಹೆಸರು ತೆಗೆಸುತ್ತಿರಲಿಲ್ಲ. ಹೂತು ಬಂದು ಸುಮ್ಮನಾಗುತ್ತಿದ್ದರು. ಸತ್ತ ಎಂದು ಬಾಯಿಬಿಟ್ಟರೆ ಲೈನು ಹೋದಂತೆಯೇ.

ನೆರೆಮನೆಯ ಆರ್ಡಿತ್ ಹಿಂದಿನಿಂದ ಅವಳ ಕೋಟು ಜಗ್ಗಿದಳು. "ಬಾಯ್ ಮುಚ್ಕೊಂಡು ಬಂದ್ಬುಡು ವರ್ಲಕ್ಕ. ಮಗನ ಮಖ ನೋಡು."

ವರ್ಲಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು.

"ನನ್ ಗಂಡ ಜನವರೀಲೇ ಸತ್ತ ಕಣಪ್ಪೋ! ಇದೇ ಕೈಯಾಗೆ ಮಣ್ಣು ಹಾಕಿವ್ನಿ. ಮಾರ್ಚಲ್ಲಿ ಗುಂಡಿಯಿಂದ ಎದ್ ಬಂದು ಕಾಗ್ದ ಬರ್ದ್ನಾ? ಯಾವ ಸೂಳೆಮಗ ಬರ್ದ, ಹೇಳು!"

ನಗು ನಿಂತಿತು. ಅಧಿಕಾರಿ ದನಿ ತಗ್ಗಿಸಿದ. "ಸತ್ತ ಅಂತ ಬರ್ಕೊಂಡ್ರೆ ಲೈನ್ ಕಟ್ ಆಗುತ್ತಮ್ಮ. ಬರ್ಕೊಳ್ಳಲಾ?"

ಅವಳು ಮೈಕು ಬಿಡಲಿಲ್ಲ. "ಬರ್ಕೊ."

ಹಿಂದೆ ಮುದುಕನೊಬ್ಬ ಎದ್ದ. "ನಮ್ಮವ್ವನ ಹೆಸ್ರಿನ ಕಾಗ್ದಾನೂ ಐತಾ ನೋಡು ಸ್ವಾಮಿ. ಸತ್ತು ನಾಕ್ ವರ್ಷಾತು."

ಕಂಪನಿಯವನು ತಲೆ ತಗ್ಗಿಸಿ ಲ್ಯಾಪ್‌ಟಾಪಿನಲ್ಲಿ ಹೋಬರ್ಟ್‌ನ ಹೆಸರು ಒತ್ತತೊಡಗಿದ್ದ.

ಮೂರಕ್ಕೆ ವರ್ಲಿ ಹೊರಗೆ ಓಡಿ ಮನೆಗೆ ಫೋನ್ ಮಾಡಿದಳು. ಕಣಿವೆಯಲ್ಲಿ ಮೊಬೈಲು ಹಿಡಿಯದು. ಮನೆಯ ಫೋನೂ ಅದೇ ಲೈನಿನದು.

"ಬಂದವ್ರೆ ಕಣಮ್ಮ," ಎಂದ ಕ್ಲೆಲ್, ಏದುತ್ತ. "ಇವತ್ತು ಡಾಕ್ಟ್ರು ಮಖ ಚೆಂದಾಗ್ ಕಾಣ್ತೈತೆ. ಅಂಗಿ ಬಿಚ್ಚಿವ್ನಿ. ಉಸ್ರು ಎಳ್ಕೊ ಅಂತಾವ್ರೆ, ತಡಿ..."

ಅವನು ಉಸಿರೆಳೆದುಕೊಂಡದ್ದು ಕೇಳಿಸಿತು. ಫೋನು ಟಕ್ಕೆಂದಿತು. ಬಿಟ್ಟದ್ದು ಕೇಳಿಸಲಿಲ್ಲ.