ಪುಟ್ಟತಾಯಮ್ಮನ ಹೊಸ ಹಬ್ಬಗಳು

ಹೂರಣ ರುಬ್ಬುತ್ತಿದ್ದ ದೀಪಶ್ರೀ ಮಿಕ್ಸಿ ನಿಲ್ಲಿಸಿ ಕಿವಿಗೊಟ್ಟಳು. ಜಗಲಿಯಲ್ಲಿ ಅತ್ತೆ ಪುಟ್ಟತಾಯಮ್ಮನವರಿಗೂ ಎದುರುಮನೆಯ ಪಂಚಾಕ್ಷರಯ್ಯನವರಿಗೂ ಮಾತು ಏರಿತ್ತು.

"ಪರ್ವತದ ಹಬ್ಬ ಅಂತ ಒಂದು ಇಲ್ಲವೇ ಇಲ್ಲ ಕಣಮ್ಮ. ಇವತ್ತು ಶ್ರಾವಣ ಸೋಮವಾರ, ಅಷ್ಟೇ. ಪಂಚಾಂಗ ನನ್ನ ಕೈಲೇ ಇದೆ, ನೋಡು."

"ನಿಮ್ ಪಂಚಾಂಗ ಯುಗಾದೀಲಿ ಅಚ್ಚಾಗಿದ್ದು. ಫೋನು ಓದ್ ತಿಂಗ್ಳು ಒಸ್ದಾಗದೆ. ಯಾವ್ದುನ್ನ ನಂಬ್ಲಿ ಯೋಳಿ."

"ಹಂಗಾದ್ರೆ ಮೊನ್ನೆ ವರಮಹಾಲಕ್ಷ್ಮಿಗೆ ಅದು ಯಾಕೆ ಬಾಯಿ ಬಿಡಲಿಲ್ಲ?"

"ಅದು ನಂಗೆ ಗೊತ್ತಿರೋ ಅಬ್ಬ ಅಲ್ವಾ? ಗೊತ್ತಿಲ್ದಿದ್ದುನ್ನ ಯೋಳಕ್ಕೇ ಫೋನಿರೋದು."

ಪಂಚಾಕ್ಷರಯ್ಯನವರು ಪಂಚಾಂಗವನ್ನು ಮಡಿಸಿ ಕಂಕುಳಿಗೆ ಸೇರಿಸಿದರು. ಊರಿನ ಮದುವೆ, ಗೃಹಪ್ರವೇಶಗಳಿಗೆಲ್ಲ ದಿನ ನೋಡಿಕೊಟ್ಟ ಮನುಷ್ಯ. ಹಾಗಿದ್ದೂ ಒಬ್ಬಟ್ಟಿನ ವಾಸನೆ ಬಂದಿದ್ದರಿಂದ ಎದ್ದು ಹೋಗಲಿಲ್ಲ.

ಪುಟ್ಟತಾಯಮ್ಮನವರ ಕಣ್ಣಿಗೆ ಕ್ಯಾಲೆಂಡರಿನ ಸಣ್ಣ ಅಕ್ಷರ ಕಾಣುವುದಿಲ್ಲವೆಂದು ಮಗ ದೇವರಾಜ್ ಫೋನು ತಂದುಕೊಟ್ಟು, ದಿನಾ ಬೆಳಿಗ್ಗೆ ಅಂದಿನ ಹಬ್ಬವನ್ನು ಕನ್ನಡದಲ್ಲಿ ಓದಿ ಹೇಳುವಂತೆ ಮಾಡಿಟ್ಟಿದ್ದ. ಆಷಾಢದಲ್ಲಿ ಒಂದು ರಾತ್ರಿ ಫೋನು ತಾನೇ ಅಪ್‌ಡೇಟ್ ಮಾಡಿಕೊಂಡಿತು. ಅದಾದ ಮೇಲೆ ಒಂದು ಸೋಮವಾರ "ಇಂದು ಸಮುದ್ರ ದಿನ" ಎಂದಿತು. ಹಾಸನ ಸೀಮೆಯಲ್ಲಿ ಸಮುದ್ರ ಎಲ್ಲಿಂದ ಬರಬೇಕು? ಪುಟ್ಟತಾಯಮ್ಮ ಧೃತಿಗೆಡಲಿಲ್ಲ. ಹೊಳೆನರಸೀಪುರದ ಬಸ್ಸು ಹತ್ತಿ, ತುಂಬಿ ಹರಿಯುತ್ತಿದ್ದ ಹೇಮಾವತಿಗೆ ಅರಿಶಿನ ಕುಂಕುಮ ಹಾಕಿ, "ಮುಂದೆ ಸಮುದ್ರ ಸಿಕ್ದಾಗ ತಲುಪುಸ್ಬುಡವ್ವ" ಎಂದು ಕೈಮುಗಿದು ಬಂದರು. ಮೊಮ್ಮಗಳು ಅನುಶ್ರೀ ಹಬ್ಬದ ದಿನ ಶಾಲೆಗೆ ಹೋಗುವುದಿಲ್ಲವೆಂದು ಕಂಬ ಹಿಡಿದು ನಿಂತಳು. ದೀಪಶ್ರೀ ಪಾಯಸ ಮಾಡಿದಳು.

ಹಬ್ಬ ಅಂದಮೇಲೆ ನೇಮ ಇರಬೇಕು, ಯಾವುದಾದರೂ ಒಂದನ್ನು ಮುಟ್ಟದೆ ಬಿಡಬೇಕು ಎನ್ನುವುದು ಪುಟ್ಟತಾಯಮ್ಮನವರ ನಂಬಿಕೆ. ಸೋಮವಾರ ಎತ್ತಿನ ಕೊರಳಿಗೆ ನೊಗವಿಲ್ಲ. ಆಯುಧಪೂಜೆಯ ದಿನ ಪೂಜೆಯಾದ ಕತ್ತಿ, ಕುಡುಗೋಲು ಎತ್ತುವಂತಿಲ್ಲ. ಹೊಸ ಹಬ್ಬಗಳ ನೇಮ ಫೋನಿಗೆ ಗೊತ್ತಿಲ್ಲದ್ದರಿಂದ ಅದನ್ನು ಅವರೇ ಕಟ್ಟಬೇಕಾಯಿತು. ಪರ್ವತದ ಹಬ್ಬದಲ್ಲಿ ಕಲ್ಲು ಮುಟ್ಟಬಾರದೆಂದರು. ಹಾಗಾಗಿ ಒರಳು, ಗ್ರೈಂಡರು ಎರಡೂ ಬಿಟ್ಟು, ದೀಪಶ್ರೀ ಚಿಕ್ಕ ಮಿಕ್ಸಿಯಲ್ಲಿ ಹಿಡಿ ಹಿಡಿಯಾಗಿ ಹೂರಣ ರುಬ್ಬುತ್ತಿದ್ದಳು. ಜಾರು ಬಿಸಿಯಾಗಿ ಕೈ ಸುಡುತ್ತಿತ್ತು. ಗೊತ್ತಿರುವ ಹಬ್ಬಗಳಲ್ಲೇ ಅವಳ ಸೊಂಟ ಸೋತಿತ್ತು. ಈಗ ಗೊತ್ತಿಲ್ಲದವೂ ಸಾಲುಗಟ್ಟಿ ಬರತೊಡಗಿದ್ದವು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವಳು ಗಂಡನಿಗೆ ಹೇಳಿದಳು. "ರೀ, ಆ ಫೋನು ಸರಿ ಮಾಡಿ. ಇಲ್ದಿದ್ರೆ ನನ್ನ ಅರಕಲಗೂಡು ಬಸ್ಸಿಗೆ ಹತ್ತಿಸ್ಬುಡಿ, ನಮ್ಮವ್ವನ ಮನೇಲಿ ವರ್ಷಕ್ಕೆ ಇಷ್ಟೇ ಹಬ್ಬ ಅಂತ ಲೆಕ್ಕ ಐತೆ."

ದೇವರಾಜ್ ಹಾಸನದ ಒಂದು ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಮೇಸ್ತ್ರಿ. ಯಾವ ಯಂತ್ರ ಕೆಟ್ಟರೂ ಮೊದಲು ಆಫ್ ಮಾಡಿ ಆನ್ ಮಾಡು, ಆಗದಿದ್ದರೆ ಬಿಚ್ಚು ಎನ್ನುವವನು. ಫೋನನ್ನು ಆಫ್ ಮಾಡಿದ, ಆನ್ ಮಾಡಿದ, ಸಿಮ್ ತೆಗೆದು ಅಂಗಿಗೆ ಒರೆಸಿ ಹಾಕಿದ, ಕ್ಯಾಲೆಂಡರನ್ನು ಅಳಿಸಿ ಮತ್ತೆ ತುಂಬಿದ. ತುಂಬುವಾಗ ಏನು ಒತ್ತಿದನೋ, ಪ್ರತಿ ಹಬ್ಬವೂ ಎರಡೆರಡು ಸಲ ಬಂದು ಕೂತಿತು. ಇದು ಗೊತ್ತಾಗಿದ್ದು ಒಂದು ಬೆಳಿಗ್ಗೆ ಫೋನು "ಇಂದು ವಯಸ್ಸಾದವರನ್ನು ಗೌರವಿಸುವ ದಿನ" ಎಂದು ಎರಡು ಬಾರಿ ಹೇಳಿದಾಗ. ಎರಡು ಸಲ ಹೇಳಿತೆಂದರೆ ಎರಡು ದಿನದ ಹಬ್ಬ ಎಂದು ಪುಟ್ಟತಾಯಮ್ಮ ತೀರ್ಮಾನಿಸಿದರು. ಅವೆರಡೂ ದಿನ ಬಿಸಿನೀರು, ಕಾಫಿ, ಎಲೆಯಡಿಕೆ ಎಲ್ಲ ಕುರ್ಚಿಗೇ ಬಂದವು. ಪಂಚಾಕ್ಷರಯ್ಯನವರೂ ಅವತ್ತು ವಾದಕ್ಕೆ ನಿಲ್ಲದೆ, ವಯಸ್ಸು ತಮಗೂ ಆಗಿದೆಯೆಂದು ಇನ್ನೊಂದು ಕುರ್ಚಿ ಹಾಕಿಸಿಕೊಂಡರು. ಹಬ್ಬ ಮುಗಿದ ಮೇಲೆ ದೇವರಾಜ್ ಜೋಡಿ ಹಬ್ಬಗಳಲ್ಲಿ ಒಂದೊಂದನ್ನು ಅಳಿಸಿಹಾಕಿದ.

ರಾಗಿ ಕೊಯ್ಲಿನ ಕಾಲಕ್ಕೆ ದೀಪಶ್ರೀ ಸಾಕಾಗಿ, ಒಂದು ಮಧ್ಯಾಹ್ನ ಪಾತ್ರೆ ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಂಡು ತಾನೇ ಫೋನು ಹಿಡಿದು ಕೂತಳು. ಅತ್ತೆ ಒಳಗೆ ಮಲಗಿದ್ದರು. ಒಂದೊಂದೇ ಬಾಗಿಲು ತೆರೆದ ಹಾಗೆ ಸೆಟ್ಟಿಂಗ್ಸ್ ತೆರೆಯುತ್ತಾ ಹೋದಳು. ರಜಾದಿನಗಳು ಎಂದಿತ್ತು. ಅದರೊಳಗೆ ದೇಶ ಎಂದಿತ್ತು. ಅದರ ಎದುರಿಗೆ ಜಪಾನ್ ಎಂದಿತ್ತು.

ದೀಪಶ್ರೀಗೆ ನಗು ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಭಾರತ ಎಂದು ಒತ್ತಿದರೆ ಮುಗಿಯಿತು. ಒತ್ತುವ ಮುಂಚೆ, ಇನ್ನೂ ಯಾವ ಯಾವ ಹಬ್ಬದಿಂದ ಪಾರಾಗುತ್ತಿದ್ದೇನೆ ನೋಡೋಣವೆಂದು ಪಟ್ಟಿಯನ್ನು ಕೆಳಕ್ಕೆ ಎಳೆದಳು. ಬರುವ ಭಾನುವಾರದ ಎದುರಿಗೆ "ದುಡಿಯುವವರಿಗೆ ಕೃತಜ್ಞತೆ ಸಲ್ಲಿಸುವ ದಿನ. ರಜೆ" ಎಂದಿತ್ತು. ಅದನ್ನು ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಭಾರತ ಎಂದು ಒತ್ತದೆ, ತೆರೆದ ಬಾಗಿಲುಗಳನ್ನೆಲ್ಲ ಒಂದೊಂದಾಗಿ ಮುಚ್ಚಿಕೊಂಡು ಬಂದು, ಫೋನನ್ನು ಅತ್ತೆಯ ದಿಂಬಿನ ಪಕ್ಕ ಇಟ್ಟಳು.

ಭಾನುವಾರ ಬೆಳಿಗ್ಗೆ ಫೋನು ಹೇಳುವುದನ್ನು ಹೇಳಿತು.

"ಅಂಗಂದ್ರೇನವ್ವ?" ಪುಟ್ಟತಾಯಮ್ಮ ಕೇಳಿದರು.

"ದುಡಿಯೋರಿಗೆ ಕೈಮುಗಿಯೋದಂತೆ ಅತ್ತೆ," ಅಂದಳು ದೀಪಶ್ರೀ, ಮುಖ ಆ ಕಡೆ ತಿರುಗಿಸಿ.

ದೇವರಾಜ್ ಚಕ್ಕಳಮಕ್ಕಳ ಹಾಕಿ ಎದೆ ಮುಂದೆ ಮಾಡಿ ಕೂತ. "ಸದ್ಯ, ನಂಗೂ ಒಂದು ಅಬ್ಬ ಬಂತು. ಕೈಮುಗೀರಿ."

"ಏಳ್ಲಾ ಮ್ಯಾಕೆ. ನೀನು ಸಂಬ್ಳ ಇಸ್ಕಂಡು ದುಡಿಯೋನು. ಇಸ್ಕಂಡ್ ಮ್ಯಾಲೆ ಮುಗೀತು, ಇನ್ಯಾತುಕ್ಕೆ ಕೈಮುಗಿಯೋದು? ಸಂಬ್ಳ ಇಲ್ದೆ ದುಡಿಯೋವು ಯಾವ್ಯಾವು ಅವೆ ಅಂತ ನೋಡ್ಬೇಕು."

ದೀಪಶ್ರೀ ಕೈಕೆಲಸ ಬಿಟ್ಟು ಬಚ್ಚಲಿಗೆ ಓಡಿದಳು. ಮುಖ ತೊಳೆದು, ತುರುಬು ಬಿಚ್ಚಿ ಕಟ್ಟಿ, ಅಡುಗೆಮನೆಯ ಬಾಗಿಲ ಪಕ್ಕ ನಿಂತಳು. ಪುಟ್ಟತಾಯಮ್ಮ ಕುಂಕುಮದ ತಟ್ಟೆ, ಸೇವಂತಿಗೆ ಹಿಡಿದು ಹೊರಟರು. ಕರೆದು ಮುಗಿಸಿದ್ದ ಹಸುವಿಗೆ ಆಯಿತು. ಕುಡುಗೋಲಿಗೆ, ಮೊರಕ್ಕೆ, ಬೋರಿನ ಸ್ಟಾರ್ಟರ್ ಡಬ್ಬಕ್ಕೆ ಆಯಿತು. ಒಳಬಂದು ಮಿಕ್ಸಿಗೆ ಇಟ್ಟರು, ಗ್ಯಾಸ್ ಒಲೆಗೂ ಇಟ್ಟರು. ಹೊರಗೆ ಹೊರಟವರು ಬಾಗಿಲಲ್ಲಿ ನಿಂತು, "ಏನೋ ಒಂದು ಮರ್ತಂಗಾಯ್ತದಲ್ಲ" ಎಂದು ತಿರುಗಿದರು. ದೀಪಶ್ರೀ ತಲೆ ಬಗ್ಗಿಸಿದಳು. ಅವರು ಅವಳನ್ನು ದಾಟಿ ಬಂದು ಮೂಲೆಯ ಪೊರಕೆಗೆ ಕುಂಕುಮ ಇಟ್ಟು, ಹೂ ಸಿಕ್ಕಿಸಿದರು.

"ಅತ್ತೆ," ಅಂದಳು ದೀಪಶ್ರೀ. ಧ್ವನಿ ಅವಳು ಅಂದುಕೊಂಡದ್ದಕ್ಕಿಂತ ಸಣ್ಣದಾಗಿತ್ತು. "ಇಲ್ಲೊಂದು ಬಾಕಿ ಅದೆ."

ಪುಟ್ಟತಾಯಮ್ಮ ಸೊಸೆಯನ್ನು ನೋಡಿದರು. ಪೊರಕೆಯನ್ನು ನೋಡಿದರು. ಆಮೇಲೆ ಅವಳ ಹಣೆಗೆ ಕುಂಕುಮ ಇಟ್ಟು, ತಟ್ಟೆಯಲ್ಲಿ ಉಳಿದವುಗಳಲ್ಲಿ ದೊಡ್ಡ ಹೂವನ್ನೇ ಆರಿಸಿ ತುರುಬಿಗೆ ಮುಡಿಸಿದರು. ಒಂದು ಕ್ಷಣ ಕೈ ತುರುಬಿನ ಮೇಲೇ ಇತ್ತು.

"ಊಂ, ಆಯ್ತಲ್ಲ. ಓಗಿ ಬ್ಯಾಳೆಗಿಡು."

"ಪೂಜೆ ಆಗಿರೋದುನ್ನ ಅವತ್ತು ಕೆಲ್ಸಕ್ಕೆ ಹಚ್ಚಂಗಿಲ್ಲ ಅಂತೀರಲ್ಲ ಅತ್ತೆ."

ದೇವರಾಜ್ ನಕ್ಕುಬಿಟ್ಟ. ಪುಟ್ಟತಾಯಮ್ಮ ಜಗಲಿಗೆ ಹೋಗಿ ಪಂಚಾಕ್ಷರಯ್ಯನವರನ್ನು ಕೂಗಿದರು. ಕರೆದದ್ದೇ ತಡ ಅವರು ಚಪ್ಪಲಿ ಮೆಟ್ಟದೆ ಬಂದು, ಮೊದಲಿಂದ ಎಲ್ಲ ಕೇಳಿ, ಕಣ್ಣು ಮುಚ್ಚಿ ಯೋಚಿಸಿದರು.

"ಸೊಸೆ ಹೇಳೋದು ಸರಿ. ಪೂಜೆಯಾದ ಮೇಲೆ ನಾಳೆವರೆಗೂ ಮುಟ್ಟಂಗಿಲ್ಲ."

"ಇಂತಾ ಅಬ್ಬಾನೇ ಇಲ್ಲ ಅಂತಿದ್ರಲ್ಲ ನೀವು?"

"ಹಬ್ಬ ಇಲ್ಲ ಕಣಮ್ಮ. ಆದ್ರೆ ಮಾಡಿದ ಮೇಲೆ ನೇಮ ಇದ್ದೇ ಇರುತ್ತೆ."

ಪುಟ್ಟತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ದೇವು, ಇತ್ಲಲ್ಲಿ ಮೂರ್ ಕಲ್ಲಿಟ್ಟು ಸೌದೆ ಅಚ್ಚು. ಗ್ಯಾಸು ಮುಟ್ಟಂಗಿಲ್ಲ. ಮುದ್ದೆ ನೀನು ತಿರುವು, ನನ್ ತೋಳಲ್ಲಿ ಆಗಕಿಲ್ಲ."

"ನಾನಾ?"

"ಮತ್ತಿನ್ಯಾರು, ಪಂಚಾಕ್ಷರಯ್ಯನೋರಾ?"

ಪಂಚಾಕ್ಷರಯ್ಯನವರು ಮನೆಯಲ್ಲಿ ಏನೋ ಕೆಲಸವಿದೆಯೆಂದು ಎದ್ದರು.

ದೀಪಶ್ರೀ ಜಗಲಿಯ ಕಂಬಕ್ಕೆ ಒರಗಿ ಕಾಲು ಚಾಚಿದಳು. ಬಿಸಿಲು ಪಾದದವರೆಗೆ ಬಂದಿತ್ತು. ಕಣದಲ್ಲಿ ಯಾರೋ ರಾಗಿ ತೂರುತ್ತಿದ್ದರು, ಹೊಟ್ಟು ಗಾಳಿಗೆ ಹಾರುತ್ತಿತ್ತು. ಎಷ್ಟೋ ವರ್ಷದಿಂದ ಇದ್ದ ಬೀದಿ. ಬೆಳಗಿನ ಈ ಹೊತ್ತಿನಲ್ಲಿ ಅದು ಹೇಗಿರುತ್ತದೆಂದು ಅವಳು ನೋಡಿರಲಿಲ್ಲ.

ಅನುಶ್ರೀ ಬಂದು ಅಷ್ಟು ದೂರದಲ್ಲೇ ನಿಂತಳು. "ಅಮ್ಮ, ನಿನ್ನ ಮುಟ್ಟಬಾರ್ದಾ?"

"ನೀನು ಮುಟ್ಟಬಹುದು, ಬಾ."

ಮಗು ತೊಡೆಯ ಮೇಲೆ ತಲೆಯಿಟ್ಟಿತು. ಹಿತ್ತಲಲ್ಲಿ ಹೊಗೆ ಎದ್ದಿತು, ಕೆಮ್ಮು ಕೇಳಿಸಿತು. "ಉಪ್ಪೆಲ್ಲೈತೆ?" ಎಂದು ದೇವರಾಜ್ ಕೂಗಿದ. "ನಂಗೇನ್ ಗೊತ್ತು" ಎಂದರು ಪುಟ್ಟತಾಯಮ್ಮ. ಆಮೇಲೆ ದೊಡ್ಡದೇನೋ ಧಡಾರನೆ ಬಿತ್ತು. ದೀಪಶ್ರೀಯ ಮೊಣಕಾಲು ತಾನಾಗಿ ಮೇಲೆದ್ದಿತು. ಮಗಳ ತಲೆಯ ಭಾರಕ್ಕೆ ನಿಧಾನವಾಗಿ ಕೆಳಗಿಳಿಯಿತು. ಬಿದ್ದ ಮುಚ್ಚಳ ನೆಲದ ಮೇಲೆ ಗಿರ್ರನೆ ತಿರುಗಿ ತಿರುಗಿ ಸುಮ್ಮನಾಗುವವರೆಗೂ ಅವಳು ಕೂತಲ್ಲೇ ಕೂತು ಕೇಳಿಸಿಕೊಂಡಳು.