ಹಾಸಿದ ಕಂಬಳಿ

"ಏ ಹಡಬಿ, ಕೈ ತಗಿ. ಅಜ್ಜಾರು ಕುಂತ ಕಂಬಳಿ ಅದು."

ಶ್ರೀಶೈಲ ಸಾಹೇಬರು ಗದರಿದ್ದೇ ತಡ, ಉದ್ದವ್ವ ಧೂಳು ಒರೆಸುವ ಬಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಧುಪದಾಳದ ಆಚೆಯ ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯಕ್ಕೆ ಅವರು ಮುಖ್ಯಸ್ಥರು. ಉದ್ದವ್ವ ಮತ್ತು ಅವಳ ಮಗಳು ಸುಮನ ಅಲ್ಲಿ ಬಾಟಲಿ ತೊಳೆಯುವವರು, ಕೇರಿಯಿಂದ ಬರುವವರು.

ಕಂಬಳಿ ಎಂದರೆ ಉಣ್ಣೆಯದಲ್ಲ. ಮೈಗೆ ಬೆಂಕಿ ಹತ್ತಿದರೆ ಸುತ್ತಲು ಇಟ್ಟ, ಉರಿ ಹಿಡಿಯದ ಬಿಳಿ ಬಟ್ಟೆ. ಬಾಗಿಲ ಪಕ್ಕ ಕೆಂಪು ಚೀಲದಲ್ಲಿ ತೂಗುತ್ತಿತ್ತು. ಬಾಯ್ಲರಿಗೆ ಬೆಂಕಿ ಹಾಕುವ ಪೂಜೆಯ ದಿನ ಮಠದ ಸ್ವಾಮಿಗಳು, ಎಲ್ಲರ ಬಾಯಲ್ಲಿ ಅಜ್ಜಾರು, ಪ್ರಯೋಗಾಲಯಕ್ಕೂ ಬಂದರು. ಬರಿ ಕುರ್ಚಿಯಲ್ಲಿ ಕೂರಿಸಬಾರದೆಂದು ಸಾಹೇಬರು ಅದನ್ನೇ ಎಳೆದು ಹಾಸಿದರು. ಅಂದಿನಿಂದ ಅದು ವಿಭೂತಿ ಹಚ್ಚಿಸಿಕೊಂಡು ದೇವರ ಫೋಟೋ ಇಟ್ಟ ಹಲಗೆ ಸೇರಿತು. ಗೋಡೆಗೆ ಖಾಲಿ ಚೀಲ ಉಳಿಯಿತು. ಕಂಬಳಿಯನ್ನು ಮತ್ತೆ ಚೀಲದಲ್ಲಿ ಇಡಲೇ ಎಂದು ಉದ್ದವ್ವ ಒಮ್ಮೆ ಕೇಳಿ ಬೈಸಿಕೊಂಡಿದ್ದಳು.

ಆ ಪೂಜೆಗೂ ಮೊದಲು, ಅದನ್ನು ಹೇಗೆ ಸುತ್ತಬೇಕೆಂದು ತೋರಿಸಲು ಬೆಳಗಾವಿಯಿಂದ ಒಬ್ಬರು ಬಂದಿದ್ದಾಗ ತಾಯಿ ಮಗಳನ್ನು ಒಳಗೆ ಕರೆದಿರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದ್ದರು. ಕಂಬಳಿ ಸುತ್ತಿಸಿಕೊಂಡು ನೆಲಕ್ಕೆ ಮಲಗಿದ ದಪ್ಪ ಕ್ಲಾರ್ಕನನ್ನು ನೆನೆದು ಸುಮನ ಮನೆ ಮುಟ್ಟುವವರೆಗೂ ನಕ್ಕಿದ್ದಳು.

"ಯವ್ವಾ, ಕುಂಚಿಗಿ ಕಟ್ಟಿದ ಕೂಸಿನಂಗ ಕಂಡ ನೋಡ."

ಒಂದು ಸಂಜೆ ಸಾಹೇಬರು ಬರ್ನರ್ ಆರಿಸದೆ ಫೋನಿನಲ್ಲಿ ಮಾತಾಡುತ್ತಿದ್ದರು. ಮೇಜು ಒರೆಸುತ್ತಿದ್ದ ಸುಮನಳ ಕೈ ತಾಗಿ ಸ್ಪಿರಿಟ್ ಬಾಟಲಿ ಉರುಳಿತು. ಉರಿ ಹರಿದು ಬಂದು ಸೆರಗು ಹಿಡಿಯಿತು. ಉದ್ದವ್ವ ಗಾಬರಿಯಲ್ಲಿ ಎಲ್ಲ ಮರೆತು ಓಡಿ ಕೆಂಪು ಚೀಲಕ್ಕೆ ಎರಡೂ ಕೈ ಹಾಕಿದಳು. ಏನೂ ಸಿಗಲಿಲ್ಲ. ದೇವರ ಹಲಗೆಯ ಕಡೆ ತಿರುಗಿದಳು.

"ಅದನ್ನ ಮುಟ್ಟಬ್ಯಾಡ!"

ಉದ್ದವ್ವನ ಕಾಲುಗಳು ನಿಂತವು. ಹುಟ್ಟಿದಾಗಿನಿಂದ ಆ ಮಾತಿಗೆ ನಿಂತು ರೂಢಿಯಾದ ಕಾಲುಗಳು. ಸುಮನ "ಯವ್ವಾ" ಎಂದು ಚೀರಿದಾಗ ಮತ್ತೆ ಹೊರಟವು.

ಹಲಗೆಯಿಂದ ಕಂಬಳಿ ಎಳೆದು ಮಗಳನ್ನು ಕುತ್ತಿಗೆಯಿಂದ ಕಾಲಿನವರೆಗೆ ಸುತ್ತಿ, ನೆಲಕ್ಕೆ ಮಲಗಿಸಿ, ಅಪ್ಪಿ ಹಿಡಿದಳು. ಬೆಂಕಿ ಆರಿತು.

ವಾರ ತುಂಬುವ ಮೊದಲೇ ಸುಮನ ಬೆಳಗಾವಿಯ ದವಾಖಾನೆಯಲ್ಲಿ ತೀರಿದಳು. ಇನ್ನೊಂದೀಟು ಲಗೂ ಸುತ್ತಿದ್ದರೆ ಉಳಿಯುತ್ತಿದ್ದಳೇನೋ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಉದ್ದವ್ವ ತನ್ನ ಕಾಲುಗಳನ್ನೇ ನೋಡುತ್ತ ಕುಳಿತಳು.

ಅವಳು ಕೆಲಸಕ್ಕೆ ಮರಳಿದ ದಿನ ತಪಾಸಣೆಯವರು ಬರುವುದಿತ್ತು.

"ಆ ಕಂಬಳಿ ತೊಳದು ಚೀಲದಾಗ ಇಡು," ಎಂದರು ಸಾಹೇಬರು. "ಹೆಂಗೂ ಮೈಲಿಗಿ ಆಗೈತಿ."

"ಒಮ್ಮಿ ಬೆಂಕಿಗೆ ಹಾಕಿದ್ದು ಮತ್ತ ಉಪಯೋಗಕ್ಕ ಬರೂದಿಲ್ಲ ಅಂತ ಆ ಬೆಳಗಾವಿಯವ್ರು ಅಂದಿದ್ರಲ್ರಿ."

"ತಪಾಸಣಿಯವ್ರಿಗೇನ್ ತಿಳಿತೈತಿ? ಮಡಚಿ ಇಡು."

ಉದ್ದವ್ವ ತೊಳೆಯಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಕಂಬಳಿ ತಂದು ಸಾಹೇಬರ ಕುರ್ಚಿಯ ಮೇಲೆ ಹಾಸಿದಳು, ಕಪ್ಪಾದ ಮಗ್ಗುಲು ಮೇಲೆ ಮಾಡಿ. ಸುಮನಳ ಸೀರೆಯ ಹಳದಿ ಅಂಚು ಕರಗಿ ಅದಕ್ಕೆ ಅಂಟಿತ್ತು.

"ಕುಂದರ್ರಿ ಸಾಹೇಬ್ರ."

ಹೊರಗೆ ಜೀಪು ನಿಂತ ಸದ್ದಾಯಿತು. ಸಾಹೇಬರು ದನಿ ತಗ್ಗಿಸಿ, ತೆಗೆ ಅದನ್ನು ಎಂದರು. ಬಾಗಿಲು ತೆರೆದು ಅಧಿಕಾರಿಗಳು ಒಳಗೆ ಬಂದರು.

ಉದ್ದವ್ವ ಕುರ್ಚಿಯ ಪಕ್ಕ ನಿಂತೇ ಇದ್ದಳು.

"ನೀವ ತಗೀರಿ. ನಾ ಮುಟ್ಟೂದಿಲ್ಲ."