ಹಿತ್ತಲಿನ ಅಳಿವೆ

ಶಿವಬಸಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಿಮೆಂಟು ತೊಟ್ಟಿಯಿಂದ ನೀರು ಮೊಗೆಮೊಗೆದು ಪಕ್ಕದ ಪೀಪಾಯಿಗೆ ಸುರಿಯುತ್ತಿದ್ದಳು. ನೀರು ತಗ್ಗಿದಂತೆ ತೊಟ್ಟಿಯ ಒಂದು ಮಗ್ಗುಲಲ್ಲಿ ಕಪ್ಪು ಕೆಸರು ಮೇಲೆದ್ದಿತು. ಕೆಸರಿನ ತೂತುಗಳಿಂದ ಮೊದಲು ಕಣ್ಣುಗಳು ಬಂದವು, ಆಮೇಲೆ ಏಡಿಗಳು. ಗಂಡೇಡಿಗಳ ಒಂದು ಕೈ ಮೈಗಿಂತ ದೊಡ್ಡದು. ಅದನ್ನು ಎತ್ತುವುದು, ಇಳಿಸುವುದು, ಮತ್ತೆ ಎತ್ತುವುದು.

"ಅತ್ತಿಗೆ," ಹಿತ್ತಲ ಬಾಗಿಲಲ್ಲಿ ಮೈದುನ ಗಂಗಾಧರಯ್ಯ ನಿಂತಿದ್ದ. "ಅಣ್ಣನ್ನ ಕೂರಿಸಿದೀವಿ. ವಿಭೂತಿ ಹಚ್ಚಬೇಕು. ಎಲ್ಲರೂ ನಿಮ್ಮನ್ನೇ ಕೇಳ್ತಿದಾರೆ."

"ಬಂದೆ. ಇನ್ನೆರಡು ಬಿಂದಿಗೆ."

"ಇವತ್ತೂ ಇದು ಬೇಕಾ?"

ಅವಳು ಮೊಗೆಯುತ್ತಲೇ ಇದ್ದಳು. ಇಟ್ಟಮಡುವಿನಿಂದ ದಿನಾ ಹಾಲು ತರುವ ನಾರಾಯಣಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕಣ್ಣೊರೆಸಿಕೊಂಡಳು. "ಬುಡಿ ಬುದ್ಧಿ. ಗಂಡನ ಹುಚ್ಚನ್ನ ಗಂಡ ಹೋದ್ ದಿನಾನೂ ನಡೆಸ್ತಾವ್ರೆ. ಇಂಥ ಹೆಂಗಸ್ರು ಎಲ್ಲವ್ರೆ ಈಗ? ನಮ್ಮನೇಲಾಗಿದ್ರೆ ಇವೆಲ್ಲ ಎಂದೋ ಸಾರಾಗಿರೋವು."

ಗಂಗಾಧರಯ್ಯ ಮುಖ ಕಿವುಚಿದ. ಶಿವಬಸಮ್ಮನಿಗೆ ನಗು ಬಂದುಬಿಟ್ಟಿತು. ತಲೆ ತಗ್ಗಿಸಿ ಬಿಂದಿಗೆ ಎತ್ತಿದಳು.

ನಿನ್ನೆ ಸಂಜೆ ಇದೇ ತೊಟ್ಟಿಗೆ ನೀರು ಏರಿಸಿ, ಕೈ ತೊಳೆದುಕೊಂಡು ಬಂದ ಪರಮಶಿವಯ್ಯ ಮೇಷ್ಟ್ರು, ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲ.

ನಡುಮನೆಯಲ್ಲಿ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ಕಣಗಿಲೆ ಹಾರ. ಪಾಠಕ್ಕೆ ಮುಂಚೆ ಹುಡುಗರ ಗಲಾಟೆ ನಿಲ್ಲಲೆಂದು ಕಾಯುವವರ ಹಾಗೆ ಇದ್ದರು. ಜಯನಗರದ ಆ ಪುಟ್ಟ ಮನೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಬಂದವರಲ್ಲಿ ಹೆಚ್ಚಿನವರು ಹಳೇ ಶಿಷ್ಯರು. ಒಬ್ಬರ ಕಿವಿಯಲ್ಲಿ ಒಬ್ಬರು ಹೇಳಿಕೊಳ್ಳುತ್ತಿದ್ದರು: ಏಡಿ ಮೇಷ್ಟ್ರು ಹೋಗ್ಬಿಟ್ರಲ್ಲೋ.

"ಆ ಹೆಸರು ಬರೋಕೆ ನಾನೇ ಕಾರಣ," ಅಂದ ಸೇತುರಾಮ. ಈಗ ಅವನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲೆಕ್ಚರರ್. ವರ್ಷಕ್ಕೊಂದು ಸಲ ಹುಡುಗರನ್ನು ಕರಾವಳಿಗೆ ಕರೆದುಕೊಂಡು ಹೋದಾಗ ತೊಟ್ಟಿಗೆ ಹೊಸ ಏಡಿ, ಹೊಸ ಕೆಸರು ತರುವವನು ಅವನೇ. "ಕ್ಲಾಸಲ್ಲಿ ನಾನೊಂದು ಪ್ರಶ್ನೆ ಕೇಳಿದ್ದೆ."

*

ರಾಜ್ಯ ಒಂದಾದ ಮರುವರ್ಷ ಹೊಸ ಪಠ್ಯಪುಸ್ತಕ ಬಂತು. ಮೈಸೂರಿಗೆ ಈಗ ಸಮುದ್ರವೂ ಸೇರಿತ್ತು, ಪುಸ್ತಕದಲ್ಲಿ ಅದಕ್ಕೊಂದು ಪಾಠ. ನದಿ ಕಡಲಿಗೆ ಸೇರುವ ಬಾಯಿಗೆ ಅಳಿವೆ ಎಂದು ಹೆಸರು, ಅಲ್ಲಿ ಬಗೆಬಗೆಯ ಜೀವಿಗಳು ವಾಸಿಸುತ್ತವೆ, ಎಂದು ಮೇಷ್ಟ್ರು ಓದಿದರು.

"ಸಾರ್, ಅಲ್ಲಿ ನೀರು ಸಿಹಿನೋ ಉಪ್ಪೋ?"

ಮೇಷ್ಟ್ರು ಸೇತುರಾಮನನ್ನು ನೋಡಿದರು, ಪುಸ್ತಕ ನೋಡಿದರು. ಅವರು ಕಂಡಿದ್ದ ದೊಡ್ಡ ನೀರೆಂದರೆ ಹೊಸಕೆರೆಹಳ್ಳಿ ಕೆರೆ. ಪುಸ್ತಕ ಮುಚ್ಚಿದರು.

"ಗೊತ್ತಿಲ್ಲ ಕಣಯ್ಯ. ನೋಡ್ಕೊಂಡು ಬಂದು ಹೇಳ್ತೀನಿ."

ದಸರಾ ರಜದಲ್ಲಿ ಹೆಂಡತಿಯನ್ನೂ ಕರೆದುಕೊಂಡು ಹೊರಟೇಬಿಟ್ಟರು. ಶಿವಬಸಮ್ಮನಿಗೆ ತವರಿನ ದಾರಿ ಬಿಟ್ಟರೆ ಬೇರೆ ದಾರಿ ಗೊತ್ತಿರಲಿಲ್ಲ. ರೈಲು, ಬಸ್ಸು, ಘಾಟಿಯಲ್ಲಿ ವಾಂತಿ, ಕುಮಟೆ, ಕೊನೆಗೊಂದು ದೋಣಿ. ಮೇಷ್ಟ್ರು ದೋಣಿಯಿಂದ ಬಗ್ಗಿ ಬೊಗಸೆ ನೀರು ಬಾಯಿಗೆ ಹಾಕಿಕೊಂಡು ಕೆಮ್ಮಿದರು. "ಎರಡೂ!" ಎಂದು ಕೂಗಿದರು. "ಎರಡೂ ಕಣೇ!"

ಇಳಿತದ ಹೊತ್ತು. ಕೆಸರಿನಿಂದ ಬೇರುಗಳು ಬೆರಳಿನಂತೆ ಎದ್ದಿದ್ದವು. ಕೊಕ್ಕು ಬಾಗಿದ ಹಕ್ಕಿಗಳು ಕೆಸರಿಗೆ ಮೂತಿ ತೂರಿಸಿ ಏನನ್ನೋ ಎಳೆಯುತ್ತಿದ್ದವು. ಮೀನೊಂದು ನೀರು ಬಿಟ್ಟು ಬೇರು ಹತ್ತಿ ಕೂತಿತ್ತು. ಆಮೇಲೆ ಇಡೀ ದಂಡೆ ಅಲ್ಲಾಡಿತು. ಸಾವಿರ ಏಡಿಗಳು, ಸಾವಿರ ಕೈ.

"ಕರೀತಿದಾವೆ ಕಣ್ರೀ!" ಅಂದಳು ಶಿವಬಸಮ್ಮ.

"ಹೆಣ್ಣನ್ನ ಕರೀತಾವೆ ಅವು," ಅಂದ ದೋಣಿಯವ.

"ಹಾಗಾದ್ರೆ ನನ್ನನ್ನೇ ಅನ್ನಿ," ಎಂದು ಅವಳು ಸೀರೆ ಎತ್ತಿಕೊಂಡು ಕೆಸರಿಗೆ ಇಳಿದೇಬಿಟ್ಟಳು. ಮೊಣಕಾಲವರೆಗೆ ಹೂತುಹೋಗಿ, ಎಳೆಯಲು ಬಂದ ಗಂಡನನ್ನೂ ಬೀಳಿಸಿ, ನಕ್ಕಳು. ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಮೇಷ್ಟ್ರು ಆ ನಗು ಕೇಳಿರಲಿಲ್ಲ. ಕೆಸರಿನಲ್ಲಿ ಕೂತಲ್ಲೇ ಕೂತು ಕೇಳಿದರು.

*

"ಉಪ್ಪು ತಂದಿದೀರಾ ಯಾರಾದ್ರೂ?" ಗಂಗಾಧರಯ್ಯ ಕೇಳುತ್ತಿದ್ದ. ಗುಣಿಯಲ್ಲಿ ದೇಹದ ಸುತ್ತ ತುಂಬಲು ಉಪ್ಪು ಬೇಕು. ಭಾನುವಾರ, ಶೆಟ್ಟರ ಅಂಗಡಿ ಮುಚ್ಚಿತ್ತು.

"ಹಿತ್ತಲಲ್ಲಿ ತೊಟ್ಟಿಗೆ ಹಾಕೋ ಉಪ್ಪಿನ ಮೂಟೆ ಐತಲ್ಲ," ಅಂದಳು ನಾರಾಯಣಮ್ಮ.

ಇಬ್ಬರು ಶಿಷ್ಯರು ಮೂಟೆಗೆ ಕೈ ಹಾಕುವ ಹೊತ್ತಿಗೆ ಶಿವಬಸಮ್ಮ ಮೊರ ಹಿಡಿದು ಬಂದಳು. "ತಾಳಿ." ಮೊರದ ತುಂಬ ಉಪ್ಪು ತೆಗೆದು ಬದಿಗಿಟ್ಟಳು. ಮತ್ತೆ ಬಗ್ಗಿ ಇನ್ನೊಂದು ಬೊಗಸೆ.

"ಇನ್ನು ಯಾಕೆ ಅತ್ತಿಗೆ ಅದು? ಅವನದು ಅವನ ಜೊತೆ ಹೋಗ್ಲಿ. ನಾಳೆ ಆ ತೊಟ್ಟಿ ಒಡೆಸಿಬಿಡ್ತೀನಿ, ಹಿತ್ತಲು ಅಗಲವಾಗುತ್ತೆ. ನಿಮಗೂ ವಾಸನೆ ತಪ್ಪುತ್ತೆ."

ಎಲ್ಲರೂ ಅವಳನ್ನು ನೋಡುತ್ತಿದ್ದರು. ಹೇಳಲು ಬಾಯಿ ತೆರೆದಳು. ಗಂಡನ ಹೆಣ ನಡುಮನೆಯಲ್ಲಿರುವಾಗ ಏಡಿಗಳ ಪರವಾಗಿ ಯಾವ ಹೆಂಗಸು ಮಾತಾಡುತ್ತಾಳೆ?

"ಉಳಿದದ್ದು ತಗೊಂಡು ಹೋಗಿ," ಅಂದಳು. "ಅವರ ಕೈ ಆಡಿದ ಉಪ್ಪು. ಅವರಿಗೇ ಸಲ್ಲಲಿ." ಮೊರವನ್ನು ಮಾತ್ರ ಎದೆಗವಚಿಕೊಂಡು ನಿಂತಳು.

*

ವಾಪಸು ಬರುವ ಬಸ್ಸಿನಲ್ಲಿ ಅವಳು ಪೂಜೆಯ ತಾಮ್ರದ ಚೊಂಬನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿಗೆ ಒದ್ದೆ ಬಟ್ಟೆ ಕಟ್ಟಿದ್ದಳು.

"ಅದರಲ್ಲಿ ಏನೇ?"

"ತೀರ್ಥ."

ತೀರ್ಥದಿಂದ ಒಂದು ಕಾಲು ಹೊರಗೆ ಬಂತು. ಮೇಷ್ಟ್ರು ನೋಡಿದರು. ಲಿಂಗಪೂಜೆಯ ಚೊಂಬಿನಲ್ಲಿ ಏಡಿ! ಮನೆಯಲ್ಲಿ ಅವರ ತಾಯಿ ಇದ್ದರು, ಈರುಳ್ಳಿ ತಂದರೂ ಚೀಲ ಹೊರಗಿಡಿಸುವವರು. ಶಿವಬಸಮ್ಮ ಮುಖ ಕಿಟಕಿಯ ಕಡೆ ತಿರುಗಿಸಿದಳು. ಬಿಸಾಡು ಎನ್ನುತ್ತಾರೆ, ಬಿಸಾಡಬೇಕು. ಮೇಷ್ಟ್ರು ಆ ಕಾಲನ್ನು ಮೆಲ್ಲಗೆ ಒಳಕ್ಕೆ ತಳ್ಳಿ ಬಟ್ಟೆ ಬಿಗಿ ಮಾಡಿದರು.

"ಉಪ್ಪುನೀರು ಬೇಕಲ್ಲೇ ಇವಕ್ಕೆ," ಅಂದರು. "ಬೆಳಿಗ್ಗೆ ಇಳಿಸಬೇಕು, ಸಂಜೆ ಏರಿಸಬೇಕು. ಒಂದು ತೊಟ್ಟಿ ಕಟ್ಟಿಸೋಣ." ಆಮೇಲೆ ದನಿ ತಗ್ಗಿಸಿ, "ಅವ್ವ ಕೇಳಿದ್ರೆ ನೀನು ಸುಮ್ಮನಿರು. ತಂದೋನು ನಾನು."

ತಾಯಿ ಕೇಳಿದರು, ಕಿರುಚಿದರು, ಎರಡು ದಿನ ಊಟ ಬಿಟ್ಟರು. "ನಾನೇ ಅವ್ವ, ಸ್ಕೂಲ್ ಹುಡುಗರಿಗೆ ತೋರಿಸೋಕೆ," ಅಂದರು ಮೇಷ್ಟ್ರು. ಹುಡುಗರು ಬಂದು ನೋಡಿದರು. ಬೀದಿ ಹೆಸರಿಟ್ಟಿತು. ತಾಯಿ ತೀರಿಕೊಂಡ ಮೇಲೂ ಮೇಷ್ಟ್ರು ಆ ಮಾತು ಬದಲಿಸಲಿಲ್ಲ. ದಿನಾ ಬೆಳಿಗ್ಗೆ ಅವರು ನೀರು ಇಳಿಸುವಾಗ ಅವಳು ಒಗೆಯುವ ಕಲ್ಲಿನ ಮೇಲೆ ಕಾಫಿ ಹಿಡಿದು ಕೂರುತ್ತಿದ್ದಳು. ಮೊದಲ ಕೈ ಮೇಲೆದ್ದಾಗ ಅವರು ಹೇಳುತ್ತಿದ್ದದ್ದು ಒಂದೇ: "ಕರೀತಿದಾವೆ ನೋಡೇ."

*

ರುದ್ರಭೂಮಿಯಿಂದ ಬಂದವರು ಕಾಲು ತೊಳೆದುಕೊಂಡರು. ಪಕ್ಕದ ಮನೆಯವರು ಅನ್ನ ಸಾರು ತಂದಿಟ್ಟಿದ್ದರು. ಶಿವಬಸಮ್ಮ ಹಿತ್ತಲಿನಲ್ಲಿದ್ದಳು. ಸೇತುರಾಮ ಅಲ್ಲಿಗೇ ಬಂದ, ಅವನ ಹಿಂದೆ ಗಂಗಾಧರಯ್ಯ.

"ಅಮ್ಮ, ನಾವಿಬ್ರೂ ಮಾತಾಡಿಕೊಂಡ್ವಿ. ತೊಟ್ಟಿ ಒಡೆಯೋಕೆ ಮುಂಚೆ ಇವನ್ನ ನಾನು ಕಾಲೇಜಿಗೆ ತಗೊಂಡು ಹೋಗ್ತೀನಿ. ಗಾಜಿನ ಟ್ಯಾಂಕ್ ಇದೆ, ನೀರಿಗೆ ಗಾಳಿ ಬಿಡೋ ಮೋಟಾರ್ ಇದೆ. ಮೇಷ್ಟ್ರ ಹೆಸರು ಬರೆಸಿ ಹಾಕ್ತೀನಿ. ನಾನು ಏನಾದ್ರೂ ಆಗಿದ್ರೆ ಅದು ಈ ತೊಟ್ಟಿಯಿಂದಲೇ." ಅವನು ತೊಟ್ಟಿಯ ಅಂಚಿನ ಮೇಲೆ ಕೈಯಿಟ್ಟ. "ಇಷ್ಟಾದ್ರೂ ಮಾಡೋಕೆ ಬಿಡಿ."

"ನಿನಗೆ ಒಳ್ಳೇದಾಗಲಿ ಕಣಪ್ಪ. ವರ್ಷಾ ವರ್ಷಾ ಅಷ್ಟು ದೂರದಿಂದ ಹೊತ್ತು ತಂದೆ. ಅದನ್ನ ಮರೆಯಲ್ಲ."

"ಹಾಗಾದ್ರೆ ನಾಳೆ ಬರ್ಲಾ?"

"ಬಾ. ಊಟಕ್ಕೆ ಬಾ."

"ಏಡಿಗೆ, ಅಮ್ಮ."

"ಅವನ್ನ ಕೊಡಲ್ಲ."

ಗಂಗಾಧರಯ್ಯ ಮುಂದೆ ಬಂದ. "ಅತ್ತಿಗೆ, ಅಣ್ಣನ ನೆನಪು ಅಂತ ಕಷ್ಟಪಡಬೇಡಿ. ಅವನ ಏಡಿಗಳು ಎಲ್ಲಿದ್ರೂ ಅವನವೇ…"

ಸಂಜೆಯ ನೀರು ಏರಿಸಲು ಶಿವಬಸಮ್ಮ ಪೀಪಾಯಿಯಲ್ಲಿ ಬಿಂದಿಗೆ ಮುಳುಗಿಸಿದಳು.

"ಅವರವಲ್ಲ, ಗಂಗಾಧರಯ್ಯ. ನನ್ನವು. ಚೊಂಬಿನಲ್ಲಿ ತಂದೋಳು ನಾನು. ಕೊಡಲ್ಲ."